ಓದು ಬಾರದ ಮಗುವಿಗೆ ಟಾನಿಕ್ ಬೇಡ

“ಮಾತಿನಲ್ಲಿ ಚುರುಕು, ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಹೇಳ್ತಾನೆ. ಪುಸ್ತಕ ಮುಂದಿಟ್ಟರೆ ಮಾತ್ರ ಅಳು. ಜ್ಞಾಪಕಶಕ್ತಿಗೆ ಒಂದು ಟಾನಿಕ್ ಬರೆದುಕೊಡಿ ಡಾಕ್ಟ್ರೇ.” ಹಲಸೂರು, ಶಿವಾಜಿನಗರದ ಕಡೆ ಪರೀಕ್ಷೆಯ ದಿನಗಳಲ್ಲಿ ವೈದ್ಯರ ಕಿವಿಗೆ ಇಂಥ ಮಾತು ಹೊಸದಲ್ಲ. ಓದು ಕಲಿಸುವ ಟಾನಿಕ್ ಯಾವುದೂ ಇಲ್ಲ. ಆ ಹಣದಲ್ಲಿ ನಾಲ್ಕು ಕಥೆ ಪುಸ್ತಕ ಕೊಳ್ಳುವುದು ಮೇಲು.

ಮೊದಲು ಪರೀಕ್ಷಿಸಬೇಕಾದದ್ದು ಕಣ್ಣು ಮತ್ತು ಕಿವಿ. ಕಪ್ಪುಹಲಗೆ ಮಸುಕಾಗಿ ಕಾಣುವ ಮಗು, ಕಿವಿ ಸೋರಿ ಅರ್ಧಂಬರ್ಧ ಕೇಳುವ ಮಗು ತನ್ನ ತೊಂದರೆಯನ್ನು ತಾನಾಗಿ ಹೇಳುವುದಿಲ್ಲ. ಎಲ್ಲರಿಗೂ ಹೀಗೆಯೇ ಎಂದು ಅದು ತಿಳಿದಿರುತ್ತದೆ. ಈ ಭಾಗದವರಿಗೆ ಬೌರಿಂಗ್ ಆಸ್ಪತ್ರೆ ಹತ್ತಿರದಲ್ಲೇ ಇದೆ.

ಕಣ್ಣು, ಕಿವಿ ಸರಿಯಾಗಿದ್ದೂ ಓದು ಬಾರದಿದ್ದರೆ? 1809ರಲ್ಲಿ ಆರಂಭವಾದ ದಂಡು ಪ್ರದೇಶದಲ್ಲಿ ಮನೆಮಾತು ತಮಿಳು, ಉರ್ದು ಅಥವಾ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂಬುದು ಸಾಮಾನ್ಯ. ಆದ್ದರಿಂದ ಮಗು ಹಿಂದುಳಿದರೆ ಶಾಲೆ ಮನೆಮಾತನ್ನು ದೂರುತ್ತದೆ, ಮನೆಯವರು ಮಗುವಿನ ಸೋಮಾರಿತನವನ್ನು ದೂರುತ್ತಾರೆ. ಹಲವು ಭಾಷೆಗಳನ್ನಾಡುವುದು ರೋಗವಲ್ಲ. ಅದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಆದರೆ ಅರ್ಥವೇ ತಿಳಿಯದ ಪದಗಳನ್ನು ಓದಿಸಿ ಮಗುವನ್ನು ದಡ್ಡನೆನ್ನುವುದು ತಪ್ಪು. ಮೊದಲು ಆ ಭಾಷೆಯಲ್ಲಿ ಮಾತು, ಹಾಡು, ಕಥೆ. ಅದರ ಜೊತೆಗೆ ಅಕ್ಷರ.

ಡಿಸ್ಲೆಕ್ಸಿಯಾ ಬುದ್ಧಿಮಾಂದ್ಯವಲ್ಲ. ಜಾಣನಾಗಿದ್ದೂ ಓದಲಾಗದ ಹುಡುಗನೊಬ್ಬನ ವಿಷಯವನ್ನು ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯ 1896ರಲ್ಲೇ ವರದಿ ಮಾಡಿದ್ದ. ಪದದೊಳಗಿನ ಸದ್ದುಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವುದು ಇಂಥ ಮಕ್ಕಳಿಗೆ ಕಷ್ಟ. ಹೊಡೆದರೆ ಈ ಕಷ್ಟ ಹೋಗುವುದಿಲ್ಲ. ಹೆದರಿಕೆ ಮಾತ್ರ ಸೇರಿಕೊಳ್ಳುತ್ತದೆ. ಶಾಲೆಗೆ ಹೊರಡುವ ಹೊತ್ತಿಗೆ ಬರುವ ಹೊಟ್ಟೆನೋವಿನ ಹಿಂದೆ ಕೆಲವೊಮ್ಮೆ ಇದೇ ಭಯ ಅಡಗಿರುತ್ತದೆ.

ಹಾಗೆಂದು ಅವಸರದಿಂದ ಹಣೆಪಟ್ಟಿ ಹಚ್ಚುವುದೂ ಬೇಡ. ನಮ್ಮ ವರ್ಣಮಾಲೆಯಲ್ಲಿ ಅಕ್ಷರಗಳು 49 ಇದ್ದರೂ ಕಾಗುಣಿತ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಕನ್ನಡದ ಮಕ್ಕಳನ್ನು ಅಧ್ಯಯನ ಮಾಡಿದ ಬೆಂಗಳೂರಿನ ಸೊನಾಲಿ ನಾಗ್ ಅವರು, ಈ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆಂದು 2007ರಲ್ಲಿ ಪ್ರಕಟಿಸಿದರು. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಗಾಬರಿ ಬೇಡ. ಆದರೆ ಒಂದನೆಯ ತರಗತಿ ಮುಗಿದರೂ ‘ರ, ಗ, ಸ, ದ, ಅ’ಗಳನ್ನು ಗುರುತಿಸದಿದ್ದರೆ, ‘ಸರ’, ‘ದಸರ’ ಎಂದು ಕೂಡಿಸಿ ಓದಲಾಗದಿದ್ದರೆ “ತಾನಾಗಿ ಬರುತ್ತದೆ” ಎಂದು ಕಾಯಬಾರದು.

ನನ್ನ ಆಕ್ಷೇಪಣೆ ಈ ಕಾಯುವಿಕೆಗೇ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಲಿಕಾ ನ್ಯೂನತೆಯನ್ನು ಮಾನ್ಯ ಮಾಡಿದ್ದು ಒಳ್ಳೆಯದಾಯಿತು. ಆದರೆ ಅದರ ಪ್ರಮಾಣಪತ್ರದ ಮಾತು ಬರುವುದು ಮಗುವಿಗೆ ಎಂಟು ವರ್ಷವಾದ ಮೇಲೆ. ಸಹಾಯಕ್ಕೆ ಪ್ರಮಾಣಪತ್ರ ಏಕೆ ಬೇಕು? ಜ್ವರ ಬಂದ ಮಗುವಿಗೆ ಕಾಯಿಲೆಯ ಹೆಸರು ಗೊತ್ತಾಗುವವರೆಗೂ ನೀರು ಕೊಡದೆ ಇರುತ್ತೇವೆಯೇ? ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವೂ ಅರ್ಥ ತಿಳಿದು ಓದಬೇಕೆಂಬ ಗುರಿಯಿಂದ ಕೇಂದ್ರ ಸರ್ಕಾರ 2021ರಲ್ಲಿ ‘ನಿಪುಣ್ ಭಾರತ್’ ಆರಂಭಿಸಿತು. ಆ ಗುರಿ ಮುಟ್ಟಬೇಕಾದರೆ ಕೆಲಸ ಒಂದನೆಯ ತರಗತಿಯಲ್ಲೇ ನಡೆಯಬೇಕು.

ಇದಕ್ಕೆ ದೊಡ್ಡ ಖರ್ಚಿಲ್ಲ. ವರ್ಷಕ್ಕೆರಡು ಬಾರಿ ಉಪಾಧ್ಯಾಯರು ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಐದು ನಿಮಿಷ ಓದಿಸಿ ನೋಡಲಿ. ಇಡೀ ತರಗತಿ ಒಟ್ಟಾಗಿ ಕೂಗಿ ಓದುವಾಗ ಓದು ಬಾರದ ಮಗು ಬಾಯಾಡಿಸಿ ತಪ್ಪಿಸಿಕೊಳ್ಳುತ್ತದೆ. ಹಿಂದುಳಿದ ಮೂರು ನಾಲ್ಕು ಮಕ್ಕಳಿಗೆ ದಿನವೂ ಅರ್ಧ ಗಂಟೆ ಬೇರೆಯಾಗಿ ಪಾಠ ಸಿಗಲಿ: ಪದವನ್ನು ಚಪ್ಪಾಳೆ ತಟ್ಟಿ ಬಿಡಿಸುವುದು, ಅಕ್ಷರವನ್ನು ಉಚ್ಚರಿಸುತ್ತಾ ಮರಳಿನಲ್ಲಿ ತಿದ್ದುವುದು, ಕಲಿತ ಅಕ್ಷರಗಳಿಂದಲೇ ಸಣ್ಣ ವಾಕ್ಯ ಓದುವುದು. ಇಂಗ್ಲಿಷಿನಲ್ಲಿ ಅಕ್ಷರದ ಹೆಸರಿನ ಜೊತೆ ಅದರ ಸದ್ದನ್ನೂ ಕಲಿಸಬೇಕು. ಕೆಲವು ತಿಂಗಳ ಇಂಥ ಪಾಠದ ನಂತರವೂ ಪ್ರಗತಿ ಕಾಣದ ಮಗುವನ್ನು ನಿಮ್ಹಾನ್ಸ್‌ನಂಥ ಸಂಸ್ಥೆಗೆ ಕಳುಹಿಸಬಹುದು.

ತಂದೆತಾಯಿಯರು ತಾವು ಓದಿಲ್ಲವೆಂದು ಸಂಕೋಚಪಡಬೇಕಿಲ್ಲ. ಮನೆಮಾತಿನಲ್ಲೇ ಕಥೆ ಹೇಳಿ, ಬಸ್ಸಿನ ಬೋರ್ಡು ತೋರಿಸಿ, ತಪ್ಪಿದರೆ ನಗಬೇಡಿ. ಮುಂದಿನ ಬಾರಿ ಉಪಾಧ್ಯಾಯರನ್ನು ಕಂಡಾಗ ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು, “ನನ್ನ ಮಗು ಒಬ್ಬನೇ ಓದಿದ್ದನ್ನು ತಾವು ಕೇಳಿದ್ದೀರಾ?” ಎಂದು ವಿಚಾರಿಸಿ.