ನಮಗೆ ಬೇಕಾದ ರಿಟ್ಟು

ರಿಟ್ಟುಗಳು ಐದೆಂದು ನಾವೆಲ್ಲರೂ ಪರೀಕ್ಷೆಗಾಗಿ ಉರು ಹೊಡೆದಿದ್ದೇವೆ. ಅವುಗಳಲ್ಲಿ ಬಂದಿ ಪ್ರತ್ಯಕ್ಷೀಕರಣಕ್ಕೇ ಮೊದಲ ಮಣೆ. ಅದು ನ್ಯಾಯವೇ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬಂದಿಗಳಿಗೆ ಆ ರಿಟ್ಟು ದೊರಕದೆಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತಾಗ ಒಪ್ಪದಿದ್ದವರು ಎಚ್. ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಕೋರ್ಟು ತಾನೇ ತಳ್ಳಿಹಾಕಿದ್ದು 2017ರಲ್ಲಿ.

ಆದರೂ ನಮ್ಮಂಥ ರೈತರ ಮನೆಗಳಿಗೆ ಹೆಚ್ಚು ಬೇಕಾದುದು ಪರಮಾದೇಶ, ಎಂದರೆ ಮ್ಯಾಂಡಮಸ್, ಎಂದು ನಾನು ವಾದಿಸುತ್ತೇನೆ. ಕಾನೂನು ವಿಧಿಸಿದ ಕರ್ತವ್ಯವನ್ನು ಮಾಡದೆ ಕುಳಿತ ಅಧಿಕಾರಿಗೆ 'ಮಾಡು' ಎನ್ನುವ ಆಜ್ಞೆ ಅದು. ತಾತ ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆಂದು ನಮ್ಮ ತಂದೆಯವರು ಕೊಟ್ಟ ಅರ್ಜಿ ಒಂದು ಕಛೇರಿಯಲ್ಲಿ ಮೂರು ವರ್ಷ ಮಲಗಿತ್ತು. ಆಗದೆಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಮೇಲ್ಮನವಿಗಾದರೂ ದಾರಿಯಿತ್ತು! ಈ ಮೌನಕ್ಕೇ ಸಂವಿಧಾನದ 226ನೆಯ ವಿಧಿಯಲ್ಲಿ ಮದ್ದಿದೆಯೆಂದು ನಾನು ಮನೆಯಲ್ಲಿ ಹೇಳಿದೆ. "ನಮ್ಮಂಥವರಿಗೆ ಹೈಕೋರ್ಟು ಯಾಕಪ್ಪ?" ಎಂದರು ತಂದೆಯವರು.

ಆ ಹಿಂಜರಿಕೆಯನ್ನು ಕಳೆಯುವುದು ಓದಿದ ಮಕ್ಕಳ ಹೊಣೆಯಲ್ಲವೆ? ಪರಮಾದೇಶ ಕೇಳುವವನು ಸಾಮಾನ್ಯವಾಗಿ ಮೊದಲು ಅಧಿಕಾರಿಯನ್ನೇ ಲಿಖಿತವಾಗಿ ಕೇಳಿರಬೇಕು. ತಂದೆಯವರ ಬಳಿ ಹಳೆಯ ಅರ್ಜಿಯ ರಸೀತಿಯೇ ಇರಲಿಲ್ಲ. ಈ ಬಾರಿ ಅರ್ಜಿಯನ್ನು ನಾನೇ ಬರೆದೆ. ನಕಲಿನ ಮೇಲೆ ಮೊಹರು ಹಾಕಿಸಿಕೊಂಡೇ ಕಛೇರಿಯ ಮೆಟ್ಟಿಲಿಳಿದೆವು.