ಯಂತ್ರದ ಅಂಕಿ, ದಾದಿಯ ಕಣ್ಣು

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಬತ್ತದ ಸೀಮೆಯಾಯಿತು. ಬತ್ತವಿದ್ದಲ್ಲಿ ಇಲಿಯುಂಟು, ಇಲಿಯಿದ್ದಲ್ಲಿ ಹಾವುಂಟು. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದ ರೈತನನ್ನೋ, ನೆಲದ ಮೇಲೆ ಮಲಗಿದ್ದ ಕೂಲಿಯಾಳನ್ನೋ ಹಾವು ಕಚ್ಚಿತೆಂದು ಹೊತ್ತು ತಂದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಅವನ ಬಳಿ ಇರುಳಿಡೀ ನಿಲ್ಲುವವಳು ದಾದಿ. ಆ ಹೊತ್ತಿನಲ್ಲಿ ಅವಳಿಂದ ಏನಾದೀತೆಂಬುದು, ಹಿರಿಯ ಶುಶ್ರೂಷಕಿ ಹಗಲಿನಲ್ಲಿ ಏನನ್ನು ಅಣಿಮಾಡಿದ್ದಾಳೆಂಬುದನ್ನು ಅವಲಂಬಿಸಿದೆ.

ಹಿಂದೆ ಹಿರಿಯ ಶುಶ್ರೂಷಕಿಯೆಂದರೆ ಹಾಸಿಗೆ, ಪಾಳಿ, ಬೀಗದ ಕೈಗಳ ಒಡತಿ. ಇಂದು ಅವಳ ವಶಕ್ಕೆ ಬೆರಳ ತುದಿಯಲ್ಲಿ ಆಮ್ಲಜನಕವನ್ನು ಅಳೆಯುವ ಉಪಕರಣ, ನಾಡಿಮಿಡಿತ ತೋರುವ ಪರದೆ, ಗಣಕಯಂತ್ರಗಳೂ ಬಂದಿವೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿತು. ಹಾವು ಕಚ್ಚಿದವರ ಲೆಕ್ಕ ಸರಿಯಿದ್ದರೆ ತಾನೆ, ಯಾವ ಊರಿಗೆ ಎಷ್ಟು ಔಷಧ ಬೇಕೆಂಬುದು ತಿಳಿಯುವುದು?

ಲೆಕ್ಕವು ಶುಶ್ರೂಷೆಗೆ ಹೊರಗಿನದೆಂದು ಭಾವಿಸಬೇಕಾಗಿಲ್ಲ. ಕ್ರಿಮಿಯ ಯುದ್ಧದಲ್ಲಿ ಗಾಯಗಳಿಗಿಂತ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಅಂಕಿಗಳ ಚಿತ್ರ ಬಿಡಿಸಿ ತೋರಿಸಿದಳು.

ಆದರೆ ಯಂತ್ರ ಬಂದಿತೆಂದು ಕಣ್ಣು ಮುಚ್ಚುವಂತಿಲ್ಲ. ಕಟ್ಟುಹಾವಿನ ಕಡಿತದಲ್ಲಿ ನೋವು ಕಡಿಮೆ. ಗಾಯವೂ ಅನೇಕ ವೇಳೆ ಕಾಣದು. ಕೆಲವು ತಾಸುಗಳ ಮೇಲೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಸಿರಾಟದ ಸ್ನಾಯುಗಳು ಸೋಲತೊಡಗುತ್ತವೆ. ಆಗಲೂ ಬೆರಳಿನ ಉಪಕರಣವು 97, 98 ಎಂದೇ ತೋರಿಸುತ್ತಿರಬಹುದು. ನುರಿತ ದಾದಿ ರೋಗಿಯನ್ನು ಒಂದೇ ಉಸಿರಿನಲ್ಲಿ ಎಣಿಸಹೇಳುತ್ತಾಳೆ. ಮೊದಲು 25ರವರೆಗೆ ಎಣಿಸಿದವನು ಅರ್ಧ ಗಂಟೆಯ ಮೇಲೆ 12ಕ್ಕೇ ನಿಂತರೆ, ಪರದೆ ಏನೆಂದರೂ ಅವಳು ವೈದ್ಯರನ್ನು ಕರೆಯುತ್ತಾಳೆ. ಈ ಎಚ್ಚರವನ್ನು ಕಿರಿಯರಿಗೆ ಕಲಿಸುವುದು ಮುಖ್ಯಸ್ಥೆಯ ಮೊದಲ ವಿದ್ಯೆ.

ಎರಡನೆಯದು, ಸಣ್ಣ ವಸ್ತುಗಳ ಬಗೆಗಿನ ಕಾಳಜಿ. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟದು. ಅದನ್ನರಿಯಲು ಬೇಕಾದುದು ಹೊಸತಾದ, ಒಣಗಿದ ಒಂದು ಗಾಜಿನ ನಳಿಕೆ ಮತ್ತು 20 ನಿಮಿಷದ ತಾಳ್ಮೆ. ಸಾಬೂನಿನಲ್ಲಿ ತೊಳೆದ ನಳಿಕೆಯಾಗಲಿ, ಪ್ಲಾಸ್ಟಿಕ್ಕಿನದಾಗಲಿ ಸುಳ್ಳು ಹೇಳೀತು. ಸರಿಯಾದ ನಳಿಕೆ ನಡುರಾತ್ರಿ ಕೈಗೆಟಕದಿದ್ದರೆ ಲಕ್ಷಗಟ್ಟಲೆ ಬೆಲೆಯ ಯಂತ್ರವಿದ್ದೇನು?

ಮೂರನೆಯದು, ಯಂತ್ರವಿಲ್ಲದೆಯೂ ನಡೆಯಬಲ್ಲ ಸಿದ್ಧತೆ. ವಿದ್ಯುತ್ತು ಹೋದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ ಎಲ್ಲಿದೆ, ಗಣಕಯಂತ್ರ ನಿಂತರೆ ಬರೆಯುವ ಪುಸ್ತಕ ಯಾವುದು ಎಂಬುದು ಎಲ್ಲರಿಗೂ ಗೊತ್ತಿರಬೇಕು. ರಾಯಚೂರಿನ ದೊಡ್ಡಾಸ್ಪತ್ರೆ 80 ಕಿಲೋಮೀಟರಿಗೂ ಮಿಕ್ಕ ದೂರ. ರೋಗಿಯನ್ನು ಕಳುಹಿಸುವ ಮೊದಲೇ ಅಲ್ಲಿಗೆ ಸುದ್ದಿ ಮುಟ್ಟಬೇಕು. ಕೊಟ್ಟ ಔಷಧವೆಷ್ಟು, ಕೊಟ್ಟ ಗಳಿಗೆ ಯಾವುದು ಎಂಬ ಚೀಟಿಯೂ, ಉಸಿರು ಕೊಡಬಲ್ಲವರೊಬ್ಬರೂ ಜೊತೆಗೆ ಹೋಗಬೇಕು.

ಹಾವಿನ ಕಡಿತದ ಸಾವುಗಳನ್ನು 2030ರೊಳಗೆ ಅರ್ಧಕ್ಕಿಳಿಸುವ ಗುರಿಯನ್ನು ಭಾರತ ಸರ್ಕಾರ 2024ರಲ್ಲಿ ಇಟ್ಟುಕೊಂಡಿತು. ಆ ಗುರಿ ಮುಟ್ಟಬೇಕಾದರೆ ಆಸ್ಪತ್ರೆಗೆ ಉಪಕರಣ ಕೊಳ್ಳುವವರು ಅದರೊಡನೆ ಹಿರಿಯ ಶುಶ್ರೂಷಕಿಗೆ ತರಬೇತಿಯನ್ನೂ, ಕಿರಿಯರಿಗೆ ಕಲಿಸಲು ಬಿಡುವನ್ನೂ ಒದಗಿಸಬೇಕು. ಹೊಸ ಯಂತ್ರ ಒಂದೇ ದಿನದಲ್ಲಿ ಬಂದೀತು. ಅದನ್ನು ನಂಬಬೇಕಾದುದೆಷ್ಟು, ಶಂಕಿಸಬೇಕಾದುದೆಲ್ಲಿ ಎಂಬ ವಿವೇಕಕ್ಕೆ ವರುಷಗಳು ಬೇಕು.