ಮುಂದೂಡಿ, ಆದರೆ ಮುಂದಿನ ತಾರೀಖು ಹೇಳಿ

ಡಿಸೆಂಬರ್ ಬಂತೆಂದರೆ ಭೈರುಂಬೆ ಸುತ್ತಲಿನ ಊರುಗಳಲ್ಲಿ ಎರಡು ಕೆಲಸ ಜೋರು. ತೋಟದಲ್ಲಿ ಅಡಿಕೆ ಕೊಯ್ಲು, ಶಾಲೆಯಲ್ಲಿ ಗ್ಯಾದರಿಂಗ್ ತಯಾರಿ. ಕೊಯ್ಲು ನಿಲ್ಲುವುದಿಲ್ಲ. ಗ್ಯಾದರಿಂಗ್ ಮಾತ್ರ ಯಾವಾಗ ಬೇಕಾದರೂ ನಿಲ್ಲುತ್ತದೆ.

2024ರ ಡಿಸೆಂಬರ್ ನೆನಪಿರಬಹುದು. 10ರಂದು ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ತೀರಿಕೊಂಡರು. ರಾಜ್ಯದಲ್ಲಿ ಮೂರು ದಿನ ಶೋಕಾಚರಣೆ, ಮರುದಿನ ರಜೆ. 26ರ ರಾತ್ರಿ ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ತೀರಿಕೊಂಡರು. ಏಳು ದಿನ ಶೋಕಾಚರಣೆ, ಮರುದಿನ ಮತ್ತೆ ರಜೆ. ಇಂಥ ದಿನಗಳಲ್ಲಿ ಸರ್ಕಾರಿ ಮನರಂಜನಾ ಕಾರ್ಯಕ್ರಮ ಇರುವುದಿಲ್ಲ. ಅದು ಸರಿಯೇ. ಪಕ್ಕದ ಮನೆಯಲ್ಲಿ ಸಾವಾದರೆ ನಾವೂ ಮೈಕ್ ಹಚ್ಚುವುದಿಲ್ಲ.

ಅದೇ ವಾರ ಬೆಳಗಾವಿಯಲ್ಲಿ 1924ರ ಕಾಂಗ್ರೆಸ್ ಅಧಿವೇಶನದ ಶತಮಾನೋತ್ಸವ ನಡೆದಿತ್ತು. 27ರ ಸಮಾವೇಶ ಮುಂದಕ್ಕೆ ಹೋಯಿತು. 2025ರ ಜನವರಿ 21ಕ್ಕೆ ಅದು ನಡೆದೂ ಹೋಯಿತು. ದೊಡ್ಡ ಪಕ್ಷ, ಜನವೂ ಇದ್ದಾರೆ, ದುಡ್ಡೂ ಇದೆ. ವಿಶ್ವವಿದ್ಯಾಲಯವೊಂದರ ಶಾಲೆಯಾದರೂ ಅಷ್ಟೆ. ಸ್ವಂತ ಸಭಾಂಗಣ ಇದ್ದರೆ ವಾರ್ಷಿಕೋತ್ಸವಕ್ಕೆ ಇನ್ನೊಂದು ದಿನ ಹುಡುಕುವುದು ಕಷ್ಟವಲ್ಲ.

ನಮ್ಮ ಊರ ಶಾಲೆಯದು ಬೇರೆ ಲೆಕ್ಕ. ಶಾಮಿಯಾನ, ಮೈಕ್, ಯಕ್ಷಗಾನದ ವೇಷಭೂಷಣ ಎಲ್ಲ ಬಾಡಿಗೆಯದು. ಹಣ ಊರವರ ದೇಣಿಗೆಯದು. ಕೊಟ್ಟ ಮುಂಗಡ ವಾಪಸ್ ಬರುತ್ತದೆಂಬ ಖಾತ್ರಿ ಇಲ್ಲ. ಜನವರಿ ಕಳೆದರೆ ಪರೀಕ್ಷೆಯ ಗಡಿಬಿಡಿ. 2025ರಲ್ಲಿ ದ್ವಿತೀಯ ಪಿಯು ಪರೀಕ್ಷೆ ಮಾರ್ಚ್ 1ಕ್ಕೆ, ಎಸ್‌ಎಸ್‌ಎಲ್‌ಸಿ ಮಾರ್ಚ್ 21ಕ್ಕೆ ಶುರುವಾಗಿತ್ತು. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆಯೂ ಇದೇ ಹೊತ್ತಿಗೆ ಬರುತ್ತದೆ. ಹೀಗಾಗಿ ನಮ್ಮಲ್ಲಿ 'ಮುಂದೂಡಲಾಗಿದೆ' ಎಂದರೆ ಬಹಳ ಸಲ 'ಈ ವರ್ಷ ಇಲ್ಲ' ಎಂದೇ ಅರ್ಥ.

'ಮುಂದಿನ ವರ್ಷ ಮಾಡಿದರಾಯಿತು' ಎನ್ನುವ ಹಿರಿಯರಿಗೆ ಒಂದು ಮಾತು. ಏಳನೇ ತರಗತಿಯ ಮಗುವಿಗೆ ಆ ಶಾಲೆಯಲ್ಲಿ ಮುಂದಿನ ವರ್ಷ ಇಲ್ಲ. ತಿಂಗಳುಗಟ್ಟಲೆ ಹೆಜ್ಜೆ ಕಲಿತ ಹುಡುಗಿ ಬಣ್ಣ ಹಚ್ಚಿಕೊಳ್ಳದೇ ಟಿ.ಸಿ. ತೆಗೆದುಕೊಂಡು ಹೋಗುತ್ತಾಳೆ.

ಆದ್ದರಿಂದ ಎಸ್‌ಡಿಎಂಸಿಯವರಲ್ಲಿ, ಶಿಕ್ಷಕರಲ್ಲಿ ಮೂರು ವಿನಂತಿ. ಮುಂದೂಡುವ ದಿನವೇ ಮುಂದಿನ ತಾರೀಖು ಗೊತ್ತು ಮಾಡಿ, ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿ. ಶಾಮಿಯಾನದವರ ಜೊತೆ ಮೊದಲೇ ಮಾತಾಡಿ, ದಿನ ಬದಲಾದರೂ ಮುಂಗಡ ಉಳಿಯುವಂತೆ ನೋಡಿಕೊಳ್ಳಿ. ದೊಡ್ಡ ವೇದಿಕೆ ಮತ್ತೆ ಆಗದಿದ್ದರೆ ಶಾಲೆಯ ಜಗಲಿಯ ಮೇಲೇ ಒಂದು ಸಂಜೆ ಮಕ್ಕಳ ಕಾರ್ಯಕ್ರಮ ಮುಗಿಸಿ. ಅತಿಥಿ ಇಲ್ಲದಿದ್ದರೂ ನಡೆಯುತ್ತದೆ, ಅಪ್ಪ ಅಮ್ಮ ಎದುರು ಕೂತಿದ್ದರೆ ಸಾಕು. ಅಷ್ಟಕ್ಕೂ ಸಾವಿನ ಗೌರವಕ್ಕೆ ಮುಂದೂಡುವುದು ಬೇರೆ, ಅತಿಥಿಯ ಬಿಡುವಿಗಾಗಿ ಮುಂದೂಡುವುದು ಬೇರೆ. ಎರಡನೆಯದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಶಾಲೆಯ ಬಿಸಿಯೂಟ 'ಅಕ್ಷರ ದಾಸೋಹ' ಶುರುವಾದದ್ದು ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2002ರಲ್ಲಿ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು ಸಿಂಗ್ ಪ್ರಧಾನಿಯಾಗಿದ್ದಾಗ, 2010ರ ಏಪ್ರಿಲ್ 1ರಂದು. ಅವರ ಹೆಸರಿನಲ್ಲಿ ಎರಡು ನಿಮಿಷ ಎದ್ದು ನಿಂತು, ಶೋಕದ ದಿನ ಕಳೆದ ಮೇಲೆ ಮಕ್ಕಳ ಕಾಲಿಗೆ ಗೆಜ್ಜೆ ಕಟ್ಟಿದರೆ ಅದರಿಂದ ಯಾರ ಗೌರವವೂ ಕಡಿಮೆಯಾಗುವುದಿಲ್ಲ.